ಊರು ಸಾಲಿಗೆ ಬರಬೇಕೆಂದರೆ: ಪ್ರಾಥಮಿಕ ಶಾಲೆಯ ಸುತ್ತ ಜನ ಕೂಡಿಸುವ ಬಗೆ

ಕಲಬುರಗಿ, ಯಾದಗಿರಿ, ಬೀದರ್ ಸೀಮೆಯ ಸರ್ಕಾರಿ ಶಾಲೆಗಳ ಶಿಕ್ಷಕರ ಕೋಣೆಯಲ್ಲಿ ಒಂದು ಮಾತು ಮೇಲಿಂದ ಮೇಲೆ ಕೇಳುತ್ತದೆ: "ಎಷ್ಟ ಕರದ್ರೂ ಪಾಲಕರು ಬರಂಗಿಲ್ರೀ." ಊರ ಕಟ್ಟೆಯ ಮೇಲೆ ಕೂತರೆ ಅದರ ಇನ್ನೊಂದು ಮಗ್ಗುಲು ತಿಳಿಯುತ್ತದೆ. ಸಾಲಿಯಿಂದ ಕರೆ ಬಂತೆಂದರೆ ಮೂರರಲ್ಲಿ ಒಂದು ಎಂದು ಜನರಿಗೆ ಗೊತ್ತು: ಸಹಿ ಬೇಕಾಗಿದೆ, ವಂತಿಗೆ ಬೇಕಾಗಿದೆ, ಇಲ್ಲವೇ ಮಗನ ಮೇಲೆ ದೂರಿದೆ. ಒಂದು ದಿನದ ಕೂಲಿ ಬಿಟ್ಟು ಬಂದು ಬೈಸಿಕೊಂಡು ಹೋಗಲು ಯಾರೂ ಬರುವುದಿಲ್ಲ.

ಇಲ್ಲಿ ಬರೆದಿರುವುದು 80ರಿಂದ 120 ಮಕ್ಕಳು, ಮೂರು-ನಾಲ್ಕು ಶಿಕ್ಷಕರು, ಒಂದು ಊರು ಮತ್ತು ಪಕ್ಕದ ಒಂದು ತಾಂಡಾ ಇರುವ ಶಾಲೆಗೆ. ದೊಡ್ಡ ಕಾರ್ಯಕ್ರಮಗಳನ್ನು ನೆಚ್ಚಿಕೊಂಡರೆ ಇದು ಆಗುವುದಿಲ್ಲ. ಚಿಕ್ಕ ಕೆಲಸ, ಊರಿಗೆ ಒಗ್ಗುವ ಹೊತ್ತು, ಬಿಚ್ಚಿಟ್ಟ ಲೆಕ್ಕ, ಈ ಮೂರನ್ನು ವರ್ಷವಿಡೀ ಬಿಡದೆ ಹಿಡಿದರೆ ಆಗುತ್ತದೆ.

ಮೊದಲು ಓಣಿ ತಿರುಗಿ

ಜೂನ್ ಮೊದಲ ವಾರವೇ ಒಂದು 200 ಪುಟದ ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ಮನೆಗೆ ಒಂದು ಪುಟ. ಅದರಲ್ಲಿ ಬರೆಯಬೇಕಾದದ್ದು ಆರು ಸಂಗತಿ: ಮಗುವಿನ ಹೆಸರು, ಮನೆಯಲ್ಲಿ ಅದನ್ನು ನಿಜಕ್ಕೂ ನೋಡಿಕೊಳ್ಳುವವರು ಯಾರು, ಮನೆಯ ಮಾತು ಯಾವುದು, ಫೋನ್ ಯಾರ ಕೈಯಲ್ಲಿರುತ್ತದೆ, ದೊಡ್ಡವರು ಮನೆಯಲ್ಲಿ ಸಿಗುವ ಹೊತ್ತು ಯಾವುದು, ದುಡಿಯಲು ಊರು ಬಿಡುವುದಿದ್ದರೆ ಯಾವ ತಿಂಗಳು. ಎರಡನೆಯ ಸಂಗತಿ ಬಹಳ ಮುಖ್ಯ. ದಾಖಲೆಯಲ್ಲಿ ತಂದೆಯ ಹೆಸರಿರುತ್ತದೆ, ತಂದೆ ಪುಣೆಯಲ್ಲಿರುತ್ತಾನೆ, ಮಗುವನ್ನು ಎಬ್ಬಿಸಿ ಮುಖ ತೊಳೆಸಿ ಕಳಿಸುವವಳು ಅಜ್ಜಿ. ಸಭೆಗೆ ಕರೆಯಬೇಕಾದದ್ದು ಅಜ್ಜಿಯನ್ನು. ಜಾತಿಯ ಕಾಲಂ ಈ ಪುಸ್ತಕದಲ್ಲಿ ಬೇಡ, ಅದು ಶಾಲೆಯ ದಾಖಲೆಗಳಲ್ಲಿ ಹೇಗೂ ಇದೆ. ಪುಸ್ತಕ ಕಪಾಟಿನಲ್ಲಿ ಕೀಲಿಯೊಳಗಿರಲಿ. ಜನರ ಮನೆಯ ಸಂಗತಿ ಮೇಜಿನ ಮೇಲೆ ಬಿದ್ದಿರಬಾರದು.

ಇಬ್ಬರು ಶಿಕ್ಷಕರು ಜೋಡಿಯಾಗಿ ಹೋಗಿ, ಒಬ್ಬರಾದರೂ ಮಹಿಳೆ ಇರಲಿ. ಒಂದು ಮನೆಗೆ 10 ನಿಮಿಷ ಎಂದು ಹಿಡಿದರೆ ಒಂದು ಸಂಜೆಗೆ ಆರು ಮನೆ. ವಾರಕ್ಕೆ ಮೂರು ಸಂಜೆ ಹೋದರೆ 80 ಮನೆಗೆ ನಾಲ್ಕೂವರೆ ವಾರ ಬೇಕು, ಜುಲೈ ಮೊದಲ ವಾರ ದಾಟುವಷ್ಟರಲ್ಲಿ ಮುಗಿಯುತ್ತದೆ. ನಗರದಿಂದ ಬಸ್ಸಿಗೆ ಓಡಾಡುವ ಶಿಕ್ಷಕರಿಗೆ ಸಂಜೆ ಆಗದಿದ್ದರೆ ಮೊದಲ ಬಸ್ಸಿಗೆ ಬಂದು ಬೆಳಗಿನ ಏಳೂವರೆಯಿಂದ ಒಂಬತ್ತರೊಳಗೆ ತಿರುಗಬಹುದು. ಆಮೇಲೆ ಜನ ಹೊಲಕ್ಕೆ ಹೋಗಿಬಿಡುತ್ತಾರೆ. ಮಧ್ಯಾಹ್ನ ಮಾತ್ರ ಹೋಗಬೇಡಿ, ಬಾಗಿಲು ಹಾಕಿದ ಮನೆಗಳ ಪಟ್ಟಿಯಷ್ಟೇ ಸಿಗುತ್ತದೆ.

ಯಾವ ಓಣಿಯಿಂದ ಶುರು ಮಾಡುತ್ತೀರಿ ಎಂಬುದನ್ನು ಊರು ನೋಡುತ್ತಿರುತ್ತದೆ. ಗೌಡರ ಓಣಿಯಿಂದಲೋ ಪಂಚಾಯಿತಿ ಸದಸ್ಯರ ಮನೆಯಿಂದಲೋ ಆರಂಭಿಸಿದರೆ "ಸಾಲಿ ಅವರದ" ಎಂಬ ಮಾತು ಆ ಸಂಜೆಯೇ ಹರಡುತ್ತದೆ. ಶಾಲೆಯಿಂದ ಅತಿ ದೂರದ ಮನೆಯಿಂದ ಆರಂಭಿಸಿ: ತಾಂಡಾ, ಹೊರಕೇರಿ, ಊರ ಹೊರಗಿನ ಗುಡಿಸಲು. ಒಳಗೆ ಬರುತ್ತ ಬರುತ್ತ ಕೊನೆಗೆ ದೊಡ್ಡ ಮನೆಗಳು. ಕೊಟ್ಟ ನೀರು, ಚಹಾ ಎಲ್ಲ ಕಡೆಯೂ ಕುಡಿಯಿರಿ. ಒಂದು ಮನೆಯಲ್ಲಿ ಕುಡಿದು ಇನ್ನೊಂದು ಮನೆಯಲ್ಲಿ "ಈಗಷ್ಟೇ ಆಯ್ತು" ಎಂದರೆ ಅದರ ಅರ್ಥ ಏನೆಂದು ಆ ಮನೆಯವರಿಗೆ ಹೇಳಿಕೊಡಬೇಕಾಗಿಲ್ಲ.

ಮೊದಲ ಭೇಟಿಯಲ್ಲಿ ಗೈರುಹಾಜರಿ, ಅಂಕ, ಸಮವಸ್ತ್ರದ ಮಾತು ಎತ್ತಬೇಡಿ. ಹಾಜರಿ ಪುಸ್ತಕ ಹಿಡಿದು ಹೋದರೆ "ಹೆಸರ ತಗಿಲಾಕ ಬಂದಾರ" ಎಂದು ಅರ್ಧ ಓಣಿ ಬಾಗಿಲು ಹಾಕಿಕೊಳ್ಳುತ್ತದೆ. ಬಾಗಿಲಲ್ಲಿ ನಿಂತು ಫೋಟೊ ತೆಗೆಯುವುದೂ ಬೇಡ. ಮೂರು ಪ್ರಶ್ನೆ ಸಾಕು: ಮಗು ಮನೆಗೆ ಬಂದು ಸಾಲಿಯ ಬಗ್ಗೆ ಏನು ಹೇಳುತ್ತದೆ? ನಿಮಗೆ ಯಾವ ಕೆಲಸ ಚೆನ್ನಾಗಿ ಬರುತ್ತದೆ? ಸಾಲಿಗೆ ಬರಬೇಕೆಂದರೆ ಯಾವ ಹೊತ್ತು ಅನುಕೂಲ? ಎರಡನೆಯ ಪ್ರಶ್ನೆಗೆ ಬರುವ ಉತ್ತರ ಮುಂದೆ ಬಂಗಾರವಾಗುತ್ತದೆ. ಗೌಂಡಿ (ಗಾರೆ ಕೆಲಸದವನು), ಬಡಿಗ, ಕೌದಿ ಹೊಲಿಯುವವಳು, ಡೊಳ್ಳು ಬಾರಿಸುವವನು, ಟ್ರ್ಯಾಕ್ಟರ್ ಇರುವವನು, ವೈರಿಂಗ್ ಬಲ್ಲ ಹುಡುಗ, ಹೀಗೆ ಎಲ್ಲರೂ ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ಬೇರೆಯಾಗಿ ಬರೆಯಲ್ಪಡಲಿ.

ಕೂಡುವ ಹೊತ್ತು

ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಊರವರ ಬಾಯಲ್ಲಿ ಎಸ್‌ಡಿಎಂಸಿ, ಕಾಗದದ ಮೇಲೆ ಎಲ್ಲ ಶಾಲೆಯಲ್ಲೂ ಇದೆ. ಪಾಲಕರೇ ಆರಿಸಿದ 18 ಪಾಲಕರು, ಅವರಲ್ಲಿ 9 ಮಹಿಳೆಯರು, ಮುಖ್ಯ ಶಿಕ್ಷಕರು ಸದಸ್ಯ ಕಾರ್ಯದರ್ಶಿ. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧದಷ್ಟು ಮಹಿಳೆಯರು ಇರಬೇಕೆನ್ನುತ್ತದೆ. ಕೆಡುವುದು ಎಲ್ಲಿ ಎಂದರೆ, ಒಂಬತ್ತು ಮಹಿಳೆಯರ ಬದಲು ಅವರ ಗಂಡಂದಿರು ಬಂದು ಕೂಡುತ್ತಾರೆ, ನಡಾವಳಿ ಪುಸ್ತಕ ಮಾತ್ರ ಹುಡುಗನ ಕೈಯಲ್ಲಿ ಮನೆಮನೆಗೆ ಹೋಗಿ ಹೆಬ್ಬೆಟ್ಟು ತರುತ್ತದೆ. ಇದನ್ನು ಬೈದು ಸರಿ ಮಾಡಲಾಗದು. ಸಭೆಯ ಹೊತ್ತು ಬದಲಿಸಿದರೆ ಅರ್ಧ ಸರಿಯಾಗುತ್ತದೆ.

ಬೆಳಗಿನ 11 ಗಂಟೆ ನೌಕರರ ಹೊತ್ತು. ಹೊಲದ ಜನಕ್ಕೆ ಬೇರೆ ಲೆಕ್ಕವಿದೆ. ಈ ಭಾಗದ ಹಲವು ಊರುಗಳಲ್ಲಿ ಅಮಾವಾಸ್ಯೆಯ ದಿನ ಎತ್ತು ಹೂಡುವುದಿಲ್ಲ, ಕೆಲವು ಕಡೆ ಸೋಮವಾರವೂ ಇಲ್ಲ. ನಿಮ್ಮ ಊರಿನ ರೂಢಿ ಏನೆಂದು ಕೇಳಿಕೊಳ್ಳಿ. ಅಮಾವಾಸ್ಯೆಗೆ ಜನ ಮನೆಯಲ್ಲಿರುವ ಊರಾದರೆ ತಿಂಗಳ ಸಭೆಯನ್ನು ಅಂದೇ ಸಂಜೆ ನಾಲ್ಕೂವರೆಗೆ ಇಟ್ಟುಬಿಡಿ. ಆಗ ಅಡುಗೆ, ಪೂಜೆ ಮುಗಿದಿರುತ್ತದೆ, ಹೆಂಗಸರಿಗೂ ಬಿಡುವಿರುತ್ತದೆ. ದಿನಾಂಕ ನೆನಪಿಡುವ ತೊಂದರೆಯೂ ಇಲ್ಲ, ಅಮಾವಾಸ್ಯೆ ಯಾವಾಗ ಎಂದು ಊರಿಗೆ ನೆನಪಿಸಬೇಕಾಗಿಲ್ಲ. ಎಳ್ಳ ಅಮಾವಾಸ್ಯೆ ಒಂದನ್ನು ಬಿಡಿ. ಅಂದು ಭಜ್ಜಿ ಪಲ್ಯ, ಸಜ್ಜಿ ರೊಟ್ಟಿ ಕಟ್ಟಿಕೊಂಡು ಊರಿಗೆ ಊರೇ ಹೊಲದಲ್ಲಿರುತ್ತದೆ, ನೀವೂ ಅಲ್ಲಿಗೇ ಹೋಗುವುದು ಲೇಸು. ಸಂತೆಯ ದಿನ ಬೇಡ, ಶುಕ್ರವಾರ ನಮಾಜಿನ ಹೊತ್ತು ಬೇಡ. ಡಿಸೆಂಬರ್-ಜನವರಿಯಲ್ಲಿ ತೊಗರಿ ರಾಶಿ ನಡೆದಾಗ ಯಾವ ಸಭೆಯನ್ನೂ ಕರೆಯಬೇಡಿ. ಹತ್ತಿ ಬಿಡಿಸುವ ಊರುಗಳಲ್ಲಿ, ಶಹಾಪುರ, ಸುರಪುರದ ಕಡೆ, ದಸರಾ ಮುಗಿದ ಮೇಲಿನ ವಾರಗಳೂ ಹಾಗೆಯೇ.

ಕರೆಯುವ ಬಗೆಯೂ ಮುಖ್ಯ. ಚೀಟಿ ಬರೆದು ಮಗುವಿನ ಕೈಯಲ್ಲಿ ಕೊಟ್ಟರೆ ಓದು ಬಾರದ ಮನೆಯಲ್ಲಿ ಅದು ಒಲೆಗೆ ಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಅರ್ಧ ನಿಮಿಷದ ಧ್ವನಿ ಸಂದೇಶ ಕಳಿಸಿ, ಪುಸ್ತಕದ ಕನ್ನಡದಲ್ಲಿ ಬೇಡ:

"ಅವ್ವಗೋಳ್ರಿ, ಕಾಕಾಗೋಳ್ರಿ, ನಾ ಸಾಲಿ ಟೀಚರ್ ಮಾತಾಡ್ಲಾಕತ್ತೀನಿ. ನಾಳಿ ಅಮಾಸಿ ಅದ. ಸಂಜಿ ನಾಕೂವರಿಗಿ ಸಾಲ್ಯಾಗಿನ ಬೇವಿನಗಿಡದ ಕೆಳಗ ಕೂಡೋದದ. ಮುಕ್ಕಾಲು ತಾಸು ಅಷ್ಟೇ. ಬಿಸಿಊಟದ ಲೆಕ್ಕ ಓದಿ ಹೇಳ್ತೀವಿ. ಕೂಸು ಇದ್ರ ಕರ್ಕೊಂಡೇ ಬರ್ರಿ."

ತಾಂಡಾಕ್ಕೆ ಅದೇ ಸಂದೇಶವನ್ನು ಲಂಬಾಣಿಯಲ್ಲಿ, ಗುರುಮಠಕಲ್ ಕಡೆಯ ಊರಾದರೆ ತೆಲುಗಿನಲ್ಲಿ, ಔರಾದ್ ಕಡೆ ಮರಾಠಿಯಲ್ಲಿ, ಮುಸ್ಲಿಂ ಓಣಿಗೆ ದಖನಿ ಉರ್ದುವಿನಲ್ಲಿ ಯಾರಾದರೂ ಒಬ್ಬ ತಾಯಿಯಿಂದಲೇ ಹೇಳಿಸಿ. ಫೋನಿಲ್ಲದ ಮನೆಗಳಿಗೆ ಗುಡಿಯ ಮೈಕ್, ಮಸೀದಿಯ ಮೈಕ್ ಎರಡನ್ನೂ ಕೇಳಿ. ಒಂದನ್ನೇ ಕೇಳಿದರೆ ಕೇಳದಿರುವುದೇ ಒಳ್ಳೆಯದು.

ಜಮಖಾನದ ಮೇಲೆ ಎಲ್ಲರೂ ದುಂಡಗೆ ಕೂಡಬೇಕು, ಶಿಕ್ಷಕರೂ ಕೆಳಗೇ. ನಾಲ್ಕು ಕುರ್ಚಿ ಹಾಕಿದಿರೋ, ಕುರ್ಚಿಯವರು ಮಾತಾಡುತ್ತಾರೆ, ಕೆಳಗಿನವರು ಕೇಳುತ್ತಾರೆ. ವಿಷಯ ಮೂರಕ್ಕಿಂತ ಹೆಚ್ಚು ಬೇಡ, 40 ನಿಮಿಷದಲ್ಲಿ ಮುಗಿಯಲಿ. ಮೊದಲ ಐದು ನಿಮಿಷ ಎರಡನೆಯ ಅಥವಾ ಮೂರನೆಯ ತರಗತಿಯ ಮಗುವೊಂದು ಪಾಠವೊಂದನ್ನು ಓದಲಿ, ಪ್ರತಿ ತಿಂಗಳೂ ಬೇರೆ ಓಣಿಯ ಮಗು. ಆ ಮಗುವಿನ ಮನೆಯವರು ಬಂದೇ ಬರುತ್ತಾರೆ. ಹೆಂಗಸರು ಮಾತಾಡುತ್ತಿಲ್ಲವೆಂದರೆ "ಯಾರಾದರೂ ಹೇಳ್ರಿ" ಎನ್ನುವುದರಿಂದ ಏನೂ ಆಗದು. ನಾಲ್ಕು-ನಾಲ್ಕು ಜನರ ಗುಂಪು ಮಾಡಿ ಐದು ನಿಮಿಷ ಕೊಟ್ಟು, ಪ್ರತಿ ಗುಂಪಿನಿಂದ ಒಬ್ಬ ಹೆಂಗಸು ಹೇಳಬೇಕೆಂದು ಗೊತ್ತುಮಾಡಿ. ಎರಡು ಸಭೆ ಮುಜುಗರವಾಗುತ್ತದೆ, ಮೂರನೆಯದಕ್ಕೆ ಮಾತು ತಾನೇ ಬರುತ್ತದೆ. ಗಂಡನೊಬ್ಬ ಸದಸ್ಯೆಯ ಬದಲು ಬಂದರೆ ಕಳಿಸಬೇಡಿ, ಕೂಡಿಸಿ. ಸಹಿ ಮಾತ್ರ ಅವನಿಂದ ತೆಗೆದುಕೊಳ್ಳಬೇಡಿ.

ಲೆಕ್ಕ ಗೋಡೆಯ ಮೇಲೆ

ಗೇಟಿನ ಒಳಬದಿಯ ಗೋಡೆಗೆ ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರ ಕಪ್ಪು ಬಣ್ಣ ಬಳಿಯಿರಿ. ಮೂರು ಸಾಲು: ಬಂದ ಹಣ, ಖರ್ಚಾದದ್ದು, ಉಳಿದದ್ದು. ತಿಂಗಳಿಗೊಮ್ಮೆ, ಸಭೆಯ ಹಿಂದಿನ ದಿನ ಬರೆಯಬೇಕು. ಸಭೆಯಲ್ಲಿ ಗಟ್ಟಿಯಾಗಿ ಓದಬೇಕು, ಓದು ಬಾರದವರಿಗೆ ಗೋಡೆ ಪ್ರಯೋಜನವಿಲ್ಲ. ಖರ್ಚನ್ನು ವಸ್ತುವಿನ ಹೆಸರಿನಲ್ಲೇ ಹೇಳಿ: "ಇತರೆ" ಎಂಬ ಪದ ಬೋರ್ಡಿನ ಮೇಲೆ ಬಂತೆಂದರೆ ಊರಿನ ಕಣ್ಣು ಅಲ್ಲಿಯೇ ನೆಡುತ್ತದೆ. ಹಣವಿಲ್ಲದ ತಿಂಗಳು ಸೊನ್ನೆ ಬರೆಯಿರಿ. ಸೊನ್ನೆಯನ್ನೂ ಬರೆದ ಶಾಲೆಯ ಮೇಲೆ ಊರಿಗೆ ಅನುಮಾನ ಕಡಿಮೆ.

ಕೈಗೆ ಒಂದು ಕೆಲಸ: ಬೇವಿನ ಗಿಡದ ಕಟ್ಟೆ

ಮೂರು ಸಭೆ ಆದ ಮೇಲೆ, ಸಾಮಾನ್ಯವಾಗಿ ದಸರಾ ಹತ್ತಿರ ಬಂದಾಗ, ಊರು ಸೇರಿ ಮಾಡುವ ಒಂದು ಕೆಲಸ ಹಿಡಿಯಬೇಕು. ಅದು ಎರಡು ದಿನದಲ್ಲಿ ಮುಗಿಯಬೇಕು, ಕಣ್ಣಿಗೆ ಕಾಣಬೇಕು, ಎಲ್ಲರೂ ಬಳಸುವಂತಿರಬೇಕು. ಕಾಂಪೌಂಡ್ ಗೋಡೆ, ಹೊಸ ಕೋಣೆ ಇಂಥವನ್ನು ಹಿಡಿಯಬೇಡಿ. ಅವು ಸರ್ಕಾರದ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ, ಪಂಚಾಯಿತಿಯ ಕೆಲಸ. ಊರವರು ಅರ್ಧ ಕಟ್ಟಿ ನಿಲ್ಲಿಸಿದ ಗೋಡೆ ವರ್ಷಗಟ್ಟಲೆ ಎಲ್ಲರನ್ನೂ ಚುಚ್ಚುತ್ತ ನಿಂತಿರುತ್ತದೆ.

ಈ ಸೀಮೆಯಲ್ಲಿ ಸುಲಭವಾದದ್ದು ಅಂಗಳದ ಬೇವಿನ ಗಿಡದ ಸುತ್ತ ಶಹಾಬಾದಿ ಪರಸಿಯ (ಚಪ್ಪಡಿ ಕಲ್ಲಿನ) ಕಟ್ಟೆ. ಮಕ್ಕಳು ಅಲ್ಲಿ ಓದುತ್ತಾರೆ, ತಾಯಂದಿರು ಕಾಯುತ್ತ ಕೂಡುತ್ತಾರೆ, ಸಭೆಯೂ ಅಲ್ಲೇ ಆಗುತ್ತದೆ. ಅಳತೆ ಹೀಗಿರಲಿ: ಹೊರಗಿನ ಚೌಕ 8 ಅಡಿಗೆ 8 ಅಡಿ, ಒಳಗೆ ಗಿಡಕ್ಕೆ ಬಿಡುವ ಮಣ್ಣು 5 ಅಡಿಗೆ 5 ಅಡಿ, ಕೂಡುವ ಅಗಲ ಒಂದೂವರೆ ಅಡಿ, ನೆಲದಿಂದ ಎತ್ತರ 15 ಇಂಚು. ಗಿಡದ ಬೊಡ್ಡೆ ಎರಡು ಅಡಿಗಿಂತ ದಪ್ಪವಿದ್ದರೆ ಒಳಗಿನ ಚೌಕವನ್ನು ಹಿಗ್ಗಿಸಿ, ಸಾಮಾನಿನ ಲೆಕ್ಕವನ್ನೂ ಅದಕ್ಕೆ ತಕ್ಕಂತೆ ಏರಿಸಿಕೊಳ್ಳಿ.

ಬೇಕಾಗುವ ಸಾಮಾನು:

- ಒಂದೂವರೆ ಇಂಚು ದಪ್ಪದ ಪರಸಿ: 39 ಚದರ ಅಡಿ ಕೂಡುತ್ತದೆ, ಒಡೆಯುವುದಕ್ಕೆಂದು ಸೇರಿಸಿ 44 ತರಿಸಿ
- ಗೋಡೆಗೆ ಒಡ್ಡುಗಲ್ಲು: 55 ಘನ ಅಡಿ
- ಸಿಮೆಂಟ್: 50 ಕಿಲೋದ ನಾಲ್ಕು ಚೀಲ
- ಮರಳು: 25 ಘನ ಅಡಿ
- ಮುರುಮು (ಗರಸು ಮಣ್ಣು): 30 ಘನ ಅಡಿ
- ಒಬ್ಬ ಗೌಂಡಿ ಎರಡು ದಿನ, ಕೈಯಾಳಾಗಿ ಆರು ಜನ

ಎರೆಭೂಮಿಯ ಊರಾದರೆ ಬುನಾದಿಯಲ್ಲಿ ಜಿಪುಣತನ ಬೇಡ. ಕರಿ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ. ಮೇಲೆಯೇ ಕಲ್ಲಿಟ್ಟ ಕಟ್ಟೆ ಮೊದಲ ಬೇಸಿಗೆಗೇ ಮೂಲೆಯಲ್ಲಿ ಬಿರಿಯುತ್ತದೆ. ಒಂದೂಕಾಲು ಅಡಿ ಅಗಲ, ಒಂದೂವರೆ ಅಡಿ ಆಳ ತೋಡಿ. ಕೆಳಗಿನ 9 ಇಂಚಿಗೆ ಮುರುಮು ಹಾಕಿ, ನೀರು ಬಿಟ್ಟು, ದಿಮ್ಮಿಯಿಂದ ಬಡಿಯಿರಿ. ಒಂದೇ ಸಲ ತುಂಬದೆ ಮೂರು-ಮೂರು ಇಂಚಿನ ಪದರಾಗಿ ಬಡಿದರೆ ಗಟ್ಟಿಯಾಗುತ್ತದೆ. ಅದರ ಮೇಲೆ ಒಂದು ಅಡಿ ದಪ್ಪದ ಕಲ್ಲಿನ ಗೋಡೆ, ಗಾರೆ ಒಂದಕ್ಕೆ ಆರು, ಎಂದರೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು. ಪರಸಿ ಕೂಡಿಸುವ ಗಾರೆ ಒಂದಕ್ಕೆ ನಾಲ್ಕು.

ತೋಡುವಾಗ ಮುಂಗೈಗಿಂತ ದಪ್ಪನೆಯ ಬೇರು ಸಿಕ್ಕರೆ ಕಡಿಯಬೇಡಿ, ಅಲ್ಲಿ ಗೋಡೆಯಲ್ಲಿ ಸಂದು ಬಿಟ್ಟು ಮೇಲೆ ಪರಸಿ ಹಾಯಿಸಿ. ಅದೇ ಸಂದು ಮಳೆನೀರಿಗೂ ದಾರಿಯಾಗುತ್ತದೆ. ಬೇರು ಸಿಗದಿದ್ದರೂ ಪ್ರತಿ ಬದಿಗೆ ಒಂದು ಅಂಗೈ ಅಗಲದ ತೂತು ಇರಬೇಕು. ಎಲ್ಲಕ್ಕಿಂತ ಹೆಚ್ಚು ಕಾಣುವ ತಪ್ಪು, ಕಟ್ಟೆ ಕಟ್ಟಿ ಒಳಗಿನ ಚೌಕಕ್ಕೆ ಮಣ್ಣು ತುಂಬಿ, ಮೇಲೆ ಪರಸಿ ಮುಚ್ಚಿ "ಚಂದ" ಮಾಡುವುದು. ಬೊಡ್ಡೆಗೆ ಮಣ್ಣೇರಿದರೆ ತೊಗಟೆ ಕೊಳೆಯುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಕೆಲವು ವರ್ಷಕ್ಕೆ ಗಿಡ ಒಣಗಿ, ನೆರಳಿಲ್ಲದ ಕಟ್ಟೆ ಉಳಿಯುತ್ತದೆ. ಒಳಗಿನ ಮಣ್ಣು ಮೊದಲಿದ್ದ ಮಟ್ಟದಲ್ಲೇ ಬಿಡಿ. ಪರಸಿಯ ಅಂಚು ಕೂರಾಗಿರುತ್ತದೆ, ಮಕ್ಕಳ ಮೊಣಕಾಲಿಗೆ ಬಡಿಯುತ್ತದೆ. ಉಜ್ಜಿಸಿ ದುಂಡಗೆ ಮಾಡಿಸಲು ಗೌಂಡಿಗೆ ಮೊದಲೇ ಹೇಳಿ. ಏಳು ದಿನ ದಿನಕ್ಕೆರಡು ಸಲ ನೀರು ಹಾಕಬೇಕು, ಇದನ್ನು ಓಣಿಗೊಂದು ದಿನವೆಂದು ಹಂಚಿ.

ಈಗ ಜನರ ಮಾತು. ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದು ಒಬ್ಬೊಬ್ಬರನ್ನು ಒಂದೊಂದಕ್ಕೆ ಹೆಸರಿಟ್ಟು ಕೇಳಿ: "ಕಾಕಾ, ಒಂದು ಟ್ರಾಲಿ ಮುರುಮು ನಿಮ್ಮ ಟ್ರ್ಯಾಕ್ಟರ್‌ದಾಗ ತರ್ತೀರೇನು?" "ಎಲ್ಲರೂ ಸಹಾಯ ಮಾಡಬೇಕು" ಎಂದು ಮೈಕಿನಲ್ಲಿ ಹೇಳಿದರೆ ಅದು ಯಾರಿಗೂ ಹೇಳಿದಂತಾಗುವುದಿಲ್ಲ. ಹಣ ಕೇಳಬೇಡಿ. ಹಣ ಕೇಳಿದರೆ ಕೊಡಲಾಗದವರು ಆ ದಿನ ಶಾಲೆಯ ಕಡೆ ಮುಖ ಹಾಕುವುದಿಲ್ಲ, ಕೈಕೆಲಸ ಕೇಳಿದರೆ ಅವರೇ ಮೊದಲು ಬರುತ್ತಾರೆ. ಗೌಂಡಿಯ ಎರಡು ದಿನದ ಕೂಲಿ ಮಾತ್ರ ಸಮಿತಿಯಿಂದ ಪೂರ್ತಿ ಕೊಡಿ. ಅವನ ಹೊಟ್ಟೆಪಾಡಿನ ಕಸುಬನ್ನು ಪುಕ್ಕಟೆ ಕೇಳುವುದು ಸರಿಯಲ್ಲ. ಹೆಂಗಸರಿಗೆ ಚಹಾ ಮಾಡುವ ಕೆಲಸವನ್ನಷ್ಟೇ ಹಚ್ಚಬೇಡಿ. ಈ ಸೀಮೆಯಲ್ಲಿ ಬುಟ್ಟಿ ಹೊತ್ತು ಕಟ್ಟಡ ಕಟ್ಟಿದವರಲ್ಲಿ ಅವರೇ ಹೆಚ್ಚು, ಅಳತೆ ಹಿಡಿಯಲೂ ಸಾಮಾನು ಎಣಿಸಲೂ ಅವರೇ ಇರಲಿ.

ಕಟ್ಟೆಗೆ ದಾನಿಗಳ ಹೆಸರು ಕೆತ್ತಿಸಬೇಡಿ. ಪರಸಿ ಕೊಟ್ಟವನ ಹೆಸರು ಕಲ್ಲಿನ ಮೇಲೆ ಬಂತೆಂದರೆ ಎರಡು ದಿನ ಮಣ್ಣು ಹೊತ್ತವಳ ಪಾಲು ಅಳಿಸಿದಂತೆ. ಕಟ್ಟೆ ಅವನದಾಗುತ್ತದೆ, ಊರಿನದಾಗುವುದಿಲ್ಲ. ಬೇಕೇಬೇಕೆಂದರೆ ವರ್ಷ ಮಾತ್ರ ಕೆತ್ತಿಸಿ.

ಊಟದ ಸಾಲು

ಅಕ್ಷರ ದಾಸೋಹ, ಎಂದರೆ ಶಾಲೆಯ ಬಿಸಿಊಟದ ಯೋಜನೆ, ರಾಜ್ಯದಲ್ಲಿ 2002ರಲ್ಲಿ ಮೊದಲು ಶುರುವಾದ ಏಳು ಜಿಲ್ಲೆಗಳಲ್ಲಿ ಕಲಬುರಗಿ, ಬೀದರ್ ಇದ್ದವು, ಯಾದಗಿರಿ ಆಗ ಕಲಬುರಗಿಯಲ್ಲೇ ಇತ್ತು. ಶರಣಬಸವೇಶ್ವರರ ದಾಸೋಹದ ನೆಲದಲ್ಲಿ ಆ ಹೆಸರಿನ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಶಾಲೆ ಒಡೆಯುವುದಿದ್ದರೆ ಮೊದಲು ಒಡೆಯುವುದು ಊಟದ ಸಾಲಿನಲ್ಲಿಯೇ.

ಮಕ್ಕಳನ್ನು "ಎಲ್ಲಿ ಬೇಕೋ ಅಲ್ಲಿ ಕೂಡ್ರಿ" ಎಂದು ಬಿಟ್ಟರೆ ಓಣಿಗಳೇ ಸಾಲಾಗಿ ಕೂಡುತ್ತವೆ. ವರ್ಷದ ಆರಂಭದಲ್ಲೇ ಎಲ್ಲ ತರಗತಿ, ಎಲ್ಲ ಓಣಿ ಬೆರೆತ 10-12 ಮಕ್ಕಳ ಗುಂಪು ಮಾಡಿ. ಭೀಮಾ, ಕೃಷ್ಣಾ, ಕಾಗಿಣಾ, ಮಾಂಜ್ರಾ ಎಂದು ಹೊಳೆಗಳ ಹೆಸರಿಡಿ. ಗುಂಪು ಕೂಡಿಯೇ ಉಣ್ಣಬೇಕು, ಕೂಡಿಯೇ ಗಿಡಕ್ಕೆ ನೀರು ಹಾಕಬೇಕು, ಅಂಗಳ ಗುಡಿಸುವ ಸರದಿಯೂ ಗುಂಪಿನದೇ. ಶೌಚಾಲಯ ತೊಳೆಯುವುದನ್ನು ಯಾವ ಮಗುವಿಗೂ ಹಚ್ಚಬಾರದು. ಗುಡಿಸುವ ಕೆಲಸ ಪ್ರತಿ ಸಲ ಅದೇ ಇಬ್ಬರು ಹುಡುಗಿಯರ ಕೈಗೆ ಬರುತ್ತಿದೆಯೇ, ನೀರಿನ ಕೊಡ ಮುಟ್ಟದ ಮಗು ಯಾವುದು, ಇವನ್ನು ತಿಂಗಳಿಗೊಮ್ಮೆ ಸುಮ್ಮನೆ ನಿಂತು ನೋಡಿ. ಕೇಳಿದರೆ ಯಾರೂ ಹೇಳುವುದಿಲ್ಲ.

ಮನೆಯಿಂದ ತಾಟು ತರುವ ಮಕ್ಕಳಿದ್ದರೆ ಕಾರಣ ತಿಳಿದುಕೊಳ್ಳಿ. ಶಾಲೆಯ ತಾಟು ಕಡಿಮೆ ಬಿದ್ದಿರಬಹುದು, ಬೇರೆ ಕಾರಣವೂ ಇರಬಹುದು. ತಾಟುಗಳನ್ನು ಎಣಿಸಿ ಪೂರ್ತಿ ಮಾಡಿ, ಎಲ್ಲರದೂ ಶಾಲೆಯದೇ ಆಗಲಿ. 2021ರ ಡಿಸೆಂಬರ್‌ನಿಂದ ಈ ಜಿಲ್ಲೆಗಳಲ್ಲಿ ಮೊಟ್ಟೆ ಕೊಡುವುದು ಶುರುವಾದ ಮೇಲೆ, ಮೊಟ್ಟೆಯವರು ಒಂದು ಕಡೆ ಬಾಳೆಹಣ್ಣಿನವರು ಒಂದು ಕಡೆ ಎಂದು ಕೂಡಿಸುವ ಆಸೆ ಹಲವರಿಗೆ ಬರುತ್ತದೆ, ಬಡಿಸಲು ಅದು ಸುಲಭ. ಹಾಗೆ ಮಾಡಬೇಡಿ. ಹೊಳೆಗಳ ಸಾಲು ಹಾಗೆಯೇ ಇರಲಿ, ಬಡಿಸುವವರೇ ಎರಡು ಬುಟ್ಟಿ ಹಿಡಿದು ಬರಲಿ.

ಅಡುಗೆಯವರನ್ನು ಮಕ್ಕಳು ಹೆಸರು ಹಿಡಿದು ಕೂಗಬಾರದು, ಅಕ್ಕ, ಕಾಕಿ, ಅವ್ವ, ಊರಿನ ವಾಡಿಕೆ ಯಾವುದೋ ಅದು. ದಿನಕ್ಕಿಬ್ಬರು ತಾಯಂದಿರು ಬಂದು ರುಚಿ ನೋಡಿ ಪುಸ್ತಕದಲ್ಲಿ ಹೆಬ್ಬೆಟ್ಟು ಒತ್ತುವ ಸರದಿ ಮಾಡಿ. ಸರದಿಯಲ್ಲಿ ಎಲ್ಲ ಓಣಿಯವರೂ ಇರಬೇಕು. ಅಡುಗೆ ಮಾಡಿದವಳ ಜಾತಿ ನೋಡಿ ಮಗುವಿಗೆ ಊಟ ಬೇಡವೆನ್ನುವ ಮನೆ ಇದ್ದರೆ ಅಡುಗೆಯವಳನ್ನು ಬದಲಿಸುವ ಮಾತೇ ಇಲ್ಲ, ಅಸ್ಪೃಶ್ಯತೆಯ ಆಚರಣೆ ಕಾನೂನಿನ ಪ್ರಕಾರ ಅಪರಾಧ. ಆದರೆ ಮೊದಲ ಹೆಜ್ಜೆ ನೋಟಿಸ್ ಆಗಬಾರದು. ಊರು ಮನ್ನಿಸುವ ಹಿರಿಯರಿಬ್ಬರು, ಮುಖ್ಯ ಶಿಕ್ಷಕರು ಮಕ್ಕಳ ಸಾಲಿನಲ್ಲಿ ಕೂತು ಒಂದು ವಾರ ಅದೇ ಅಡುಗೆ ಉಣ್ಣಲಿ. ಅದಾದ ಮೇಲೂ ಬಗ್ಗದಿದ್ದರೆ ಮೇಲಿನವರಿಗೆ ಬರೆಯುವುದು ಇದ್ದೇ ಇದೆ.

ಹಲವು ಮಾತಿನ ಒಂದು ತರಗತಿ

ತಾಂಡಾದಿಂದ ಒಂದನೆಯ ತರಗತಿಗೆ ಬಂದ ಮಗು ಮೊದಲ ತಿಂಗಳು ಬಾಯಿ ಬಿಡದಿದ್ದರೆ ಅದು ದಡ್ಡತನವಲ್ಲ, ಕನ್ನಡ ಅದಕ್ಕೆ ಹೊಸದು. ಅದೇ ತಾಂಡಾದ ಮೂರನೆಯ ತರಗತಿಯ ಮಗುವನ್ನು 30 ದಿನ ಅದರ ಜೊತೆ ಬಿಡಿ. ಶೌಚಾಲಯ ಎಲ್ಲಿ, ನೀರು ಎಲ್ಲಿ, ಹೊಟ್ಟೆ ನೋವಾದರೆ ಯಾರಿಗೆ ಹೇಳಬೇಕು, ಈ ಮೂರು ಅದಕ್ಕೆ ತನ್ನ ಮಾತಿನಲ್ಲಿ ತಿಳಿಯಬೇಕು.

ತರಗತಿಯ ಒಂದು ಗೋಡೆಗೆ ದಿನಬಳಕೆಯ 20 ಪದಗಳ ಪಟ್ಟಿ ಹಚ್ಚಿ, ಎಲ್ಲ ಮಾತಿನವೂ ಕನ್ನಡ ಲಿಪಿಯಲ್ಲಿ. ನೀರು ಎಂಬುದರ ಮುಂದೆ ಲಂಬಾಣಿಯ, ಮರಾಠಿಯ ಪಾಣಿ, ಉರ್ದುವಿನ ಪಾನಿ, ತೆಲುಗಿನ ನೀಳ್ಳು. ನೀರು-ನೀಳ್ಳು ಅಕ್ಕತಂಗಿಯರೆಂದು, ಪಾಣಿ-ಪಾನಿ ಇನ್ನೊಂದು ಮನೆಯವೆಂದು ಮಕ್ಕಳೇ ಕಂಡುಹಿಡಿಯುತ್ತಾರೆ. ಪಟ್ಟಿಯನ್ನು ಶಿಕ್ಷಕರು ತುಂಬಬಾರದು, ಮಕ್ಕಳು ಮನೆಯಿಂದ ಕೇಳಿಕೊಂಡು ಬರಬೇಕು. ಆಗ ಅಜ್ಜಿ ಸಾಲಿಯ ಪಾಠದೊಳಗೆ ಬಂದಂತಾಯಿತು. "ಇಲ್ಲಿ ಕನ್ನಡನೇ ಮಾತಾಡಬೇಕು" ಎಂದು ಆಟದ ಬಯಲಲ್ಲಿ ಗದರಿಸುವ ರೂಢಿ ಇದ್ದರೆ ಇಂದೇ ಬಿಡಿ, ಅದರಿಂದ ಕನ್ನಡವೂ ಬರುವುದಿಲ್ಲ.

ಗುಳೆ ಹೋದವರ ಜಾಗ

ದಸರಾ ರಜೆಗೆ ಎರಡು ವಾರ ಮೊದಲು ನೋಟ್‌ಬುಕ್ ತೆಗೆದು ಊರು ಬಿಡುವ ಮನೆಗಳನ್ನು ಗುರುತಿಸಿ. ರಜೆ ಮುಗಿದ ಮೇಲೆ ಹುಡುಕಿದರೆ ಮನೆಗೆ ಕೀಲಿ ಬಿದ್ದಿರುತ್ತದೆ, ಮುಂಬೈಗೋ ಹೈದರಾಬಾದಿಗೋ ಬೆಂಗಳೂರಿಗೋ ಎಂದು ಪಕ್ಕದವರಿಗೂ ಸರಿಯಾಗಿ ಗೊತ್ತಿರುವುದಿಲ್ಲ. ಮಗುವನ್ನು ಅಜ್ಜ-ಅಜ್ಜಿಯ ಹತ್ತಿರ ಬಿಡಲು ಆಗುತ್ತದೆಯೇ, ಗುಳೆ ಹೋದವರ ಮಕ್ಕಳು ಉಳಿಯುವ ಋತುಮಾನ ವಸತಿ ಕೇಂದ್ರ ಹತ್ತಿರ ನಡೆಯುತ್ತಿದೆಯೇ ಎಂದು ಆಗಲೇ ಮಾತಾಡಬೇಕು. ಹೋಗುವುದೇ ಆದರೆ ಮಗು ಕಲಿತಿರುವ ಪಾಠ, ತರಗತಿ, ಶಾಲೆಯ ಫೋನ್ ಸಂಖ್ಯೆ ಬರೆದ ಒಂದು ಹಾಳೆ ಕೊಟ್ಟು ಕಳಿಸಿ. ವರ್ಗಾವಣೆ ಪತ್ರ ತಡವಾಯಿತೆಂದು ಯಾವ ಸರ್ಕಾರಿ ಶಾಲೆಯೂ ಮಗುವನ್ನು ನಿರಾಕರಿಸುವಂತಿಲ್ಲ ಎಂದು ತಂದೆತಾಯಿಗೆ ಬಾಯಿಬಿಟ್ಟು ಹೇಳಿ, ಬಹಳ ಜನಕ್ಕೆ ಇದು ತಿಳಿದಿಲ್ಲ.

ಹದಿನೈದು ದಿನಕ್ಕೊಮ್ಮೆ ರಾತ್ರಿ ಎಂಟರ ಸುಮಾರಿಗೆ ಮೂರು ನಿಮಿಷದ ಫೋನ್ ಮಾಡಿ. ತರಗತಿಯ ಮಕ್ಕಳ ಧ್ವನಿ ಸಂದೇಶ ಕಳಿಸಿದರೆ ಇನ್ನೂ ಒಳ್ಳೆಯದು. ಹಾಜರಿಯಲ್ಲಿ ಹೆಸರು ಹೊಡೆಯಬೇಡಿ, ಕೂಡುವ ಜಾಗವನ್ನೂ ಇನ್ನೊಬ್ಬರಿಗೆ ಕೊಡಬೇಡಿ. ಯುಗಾದಿಗೋ ಜಾತ್ರೆಗೋ ಮರಳಿದ ಮಗು ತನ್ನ ಜಾಗ ಹೋಗಿದ್ದನ್ನು ಕಂಡರೆ ಮಾರನೆಯ ದಿನ ಬರುವುದಿಲ್ಲ. ಮರಳಿದ ದಿನ "ಎಲ್ಲಿ ಹಾಳಾಗಿ ಹೋಗಿದ್ದಿ" ಎಂಬ ಮಾತು ತಮಾಷೆಗೂ ಬೇಡ. ಕಟ್ಟಡದ ಕೆಲಸದ ಜಾಗದಲ್ಲಿ ಅದು ಕಂಡಿದ್ದನ್ನು ತರಗತಿಗೆ ಹೇಳಲಿ, ಲಿಫ್ಟು, ಲೋಕಲ್ ಟ್ರೇನು, ಸಮುದ್ರ. ಉಳಿದವರು ಕಂಡಿಲ್ಲದ್ದು ಅದಕ್ಕೆ ಗೊತ್ತಿದೆ.

ಹಬ್ಬ, ವೇದಿಕೆ, ಶಾಲು

ಮಣ್ಣೆತ್ತಿನ ಅಮಾವಾಸ್ಯೆ ಶಾಲೆ ತೆರೆದ ಕೆಲವೇ ವಾರಕ್ಕೆ ಬರುತ್ತದೆ, ಊರ ಹಿರಿಯರನ್ನು ಒಳಗೆ ಕರೆಯಲು ಇದಕ್ಕಿಂತ ಅಗ್ಗದ ದಾರಿಯಿಲ್ಲ. ಒಂದು ಮಗುವಿಗೆ ಅರ್ಧ ಕಿಲೋದಂತೆ 60 ಮಕ್ಕಳಿಗೆ 30 ಕಿಲೋ ಕೆರೆಮಣ್ಣು. ಹಿಂದಿನ ದಿನವೇ ನೆನೆಸಿ, ಐದಕ್ಕೆ ಒಂದರಷ್ಟು ಸಣ್ಣ ಮರಳು ಬೆರೆಸಿ ತುಳಿಯಬೇಕು. ಬರೀ ಎರೆಮಣ್ಣಾದರೆ ಒಣಗುವಾಗ ಎತ್ತಿನ ಕಾಲು ಮುರಿಯುತ್ತದೆ. ಹತ್ತು ಮಂದಿ ಅಜ್ಜಂದಿರು ಬಂದರೆ ಆರು ಮಕ್ಕಳಿಗೆ ಒಬ್ಬರು. ನೆರಳಲ್ಲಿ ಮೂರು ದಿನ ಒಣಗಲಿ. ಪೂಜೆ ಮನೆಯಲ್ಲಿ ಮಾಡುವವರು ಮಾಡುತ್ತಾರೆ, ಶಾಲೆಯಲ್ಲಿ ಎತ್ತು ಮಾಡುವುದಷ್ಟೇ, ಹಾಗಾಗಿ ಎಲ್ಲ ಮನೆಯ ಮಗುವಿನ ಕೈಗೂ ಮಣ್ಣು ಹತ್ತುತ್ತದೆ.

ಆಗಸ್ಟ್ 15, ಜನವರಿ 26ರ ಜೊತೆಗೆ ಈ ಭಾಗಕ್ಕೆ ಸೆಪ್ಟೆಂಬರ್ 17ರ ಧ್ವಜಾರೋಹಣವೂ ಇದೆ, 1948ರಲ್ಲಿ ನಿಜಾಮರ ಆಳ್ವಿಕೆ ಮುಗಿದ ದಿನ. ಅಂದು ಭಾಷಣದ ಬದಲು ಊರಿನ ಅತಿ ಹಿರಿಯರೊಬ್ಬರಿಗೆ ಮಕ್ಕಳು ಐದು ಪ್ರಶ್ನೆ ಕೇಳಲಿ. ವೇದಿಕೆಯ ಕಾರ್ಯಕ್ರಮ ಯಾವುದೇ ಇರಲಿ, ಶಾಲು ಹೊದಿಸುವುದು ಎರಡಕ್ಕೆ ನಿಲ್ಲಲಿ. ಹನ್ನೆರಡು ಶಾಲು ಮುಗಿಯುವಷ್ಟರಲ್ಲಿ ಒಂದನೆಯ ತರಗತಿಯ ಮಕ್ಕಳು ಬಿಸಿಲಲ್ಲಿ ಬಾಡಿರುತ್ತಾರೆ. ಪಂಚಾಯಿತಿ ಚುನಾವಣೆಯ ವರ್ಷ ಎರಡೂ ಪಾರ್ಟಿಯವರನ್ನು ವೇದಿಕೆಯ ಕೆಳಗೇ ಕೂಡಿಸಿ. ಒಬ್ಬರನ್ನು ಮೇಲೆ ಹತ್ತಿಸಿದರೆ ಇನ್ನೊಬ್ಬರ ಓಣಿಯ ಮಕ್ಕಳು ವಾರವಿಡೀ ಗೈರು.

ಅಂಕಪಟ್ಟಿ ಓಣಿಗೆ ಹೋಗಲಿ

ಕಲಿಕೆಯ ಮಾತು ಪಾಲಕರಿಗೆ ತಿಳಿಸಲು ಶ್ರೇಣಿಯ ಅಕ್ಷರ ಸಾಲದು. ಮಗು ತಾಯಿಯ ಮುಂದೆ ಐದು ನಿಮಿಷ ಓದಿ ತೋರಿಸಲಿ, ಒಂದು ಕೂಡುವ ಲೆಕ್ಕ ಮಾಡಿ ತೋರಿಸಲಿ. ಓದು ಬಾರದ ತಾಯಿಗೂ ಮಗ ತಡವರಿಸುವುದು, ತಡವರಿಸದಿರುವುದು ಕಿವಿಗೆ ತಿಳಿಯುತ್ತದೆ. 30 ಮಕ್ಕಳಿಗೆ ಎರಡೂವರೆ ತಾಸು ಬೇಕು. ಒಂದೇ ದಿನ ಶಾಲೆಯಲ್ಲಿ ಸಾಲು ನಿಲ್ಲಿಸದೆ ಮೂರು ಸಂಜೆಗೆ ಹಂಚಿ, ಓಣಿಯ ಕಟ್ಟೆಯ ಮೇಲೇ ಮಾಡಿ. ಇನ್ನೊಬ್ಬರ ಮಗುವಿನ ಜೊತೆ ಹೋಲಿಸುವ ಮಾತು ಅಲ್ಲಿ ಬರಬಾರದು, ಜೂನ್‌ನಲ್ಲಿ ಇದೇ ಮಗು ಎಲ್ಲಿತ್ತು, ಈಗ ಎಲ್ಲಿದೆ ಎಂಬುದಷ್ಟೇ. ಬೇಸಿಗೆಯ ಬೆಳಗಿನ ಶಾಲೆ ಶುರುವಾದ ಮೇಲೆ ಸಂಜೆ ಬಿಸಿಲು ಇಳಿದ ಹೊತ್ತು ಇದಕ್ಕೆ ಸರಿ.

ರಜೆಯಲ್ಲಿ ಕೀಲಿಕೈ ಯಾರ ಹತ್ತಿರ

ವರ್ಷವಿಡೀ ಮಾಡಿದ್ದು ಹತ್ತಿತೋ ಇಲ್ಲವೋ ಎಂದು ನೋಡಲು ಕಾರ್ಯಕ್ರಮಕ್ಕೆ ಬಂದವರ ತಲೆ ಎಣಿಸಬೇಡಿ, ಊಟವಿದ್ದರೆ ತಲೆ ಬರುತ್ತವೆ. ಕರೆಯದೆ ಬಂದವರು ಎಷ್ಟು, ಸಭೆಯಲ್ಲಿ ಮಾತಾಡಿದ ಹೆಂಗಸರು ಎಷ್ಟು, ಒಡೆದ ನಲ್ಲಿಯನ್ನು ಶಿಕ್ಷಕರು ಹೇಳುವ ಮೊದಲೇ ಯಾರಾದರೂ ಸರಿ ಮಾಡಿದರೇ, ಇವನ್ನು ಬರೆದಿಡಿ.

ಏಪ್ರಿಲ್‌ನಲ್ಲಿ ರಜೆ ಬಂದಾಗ ಶಾಲೆಗೆ ಬೀಗ ಹಾಕಿ ಎಲ್ಲರೂ ಹೋದರೆ ಮೇ ತಿಂಗಳ ಬಿಸಿಲಿಗೆ ಸಸಿಗಳು ಸುಟ್ಟಿರುತ್ತವೆ, ಜಗುಲಿಯಲ್ಲಿ ಇಸ್ಪೀಟು ನಡೆದಿರುತ್ತದೆ. 20 ಸಸಿಗೆ ಎರಡು ದಿನಕ್ಕೊಮ್ಮೆ ಐದು ಲೀಟರಿನಂತೆ 100 ಲೀಟರ್, ಎಂದರೆ ಏಳೆಂಟು ಕೊಡ. ಐದು ಮನೆಗಳ ಸರದಿ ಮಾಡಿದರೆ ಒಂದು ಮನೆಗೆ ಹತ್ತು ದಿನಕ್ಕೊಮ್ಮೆ ಪಾಳಿ ಬರುತ್ತದೆ. ಕೊಳವೆಬಾವಿ ಬತ್ತುವ ಊರಾದರೆ ಪ್ರತಿ ಸಸಿಯ ಬುಡದಲ್ಲಿ ಸಣ್ಣ ತೂತಿಗೆ ಬತ್ತಿ ಹಾಕಿದ ಮಣ್ಣಿನ ಗಡಿಗೆ ಹೂಳಿ, ಅರ್ಧ ನೀರು ಸಾಕಾಗುತ್ತದೆ. ಗೇಟಿನ ಕೀಲಿಕೈ ಎರಡು ಮಾಡಿಸಿ, ಎರಡನ್ನೂ ಬೇರೆ ಬೇರೆ ಓಣಿಯ ಎರಡು ಮನೆಗೆ ಕೊಡಿ, ಒಂದು ತಾಂಡಾಕ್ಕೆ. ಕಚೇರಿ ಕೋಣೆಯ, ಅಕ್ಕಿ ಇಡುವ ಕೋಣೆಯ ಕೀಲಿಕೈ ಅದರ ಜೊತೆ ಕಟ್ಟಬೇಡಿ, ಅವು ಮುಖ್ಯ ಶಿಕ್ಷಕರ ಹತ್ತಿರವೇ ಇರಬೇಕು. ಗೇಟಿನ ಕೀಲಿಕೈ ಪಡೆದವರ ಹೆಸರನ್ನು ಗೇಟಿನ ಒಳಗಿನ ಅದೇ ಕಪ್ಪು ಗೋಡೆಯ ಮೇಲೆ, ಲೆಕ್ಕದ ಕೆಳಗೆ, ಎಲ್ಲರಿಗೂ ಕಾಣುವಂತೆ ಬರೆದು ಹೋಗಿ.